61 ಚಿತ್ರ, 27 ಕೈ: ಸಾಗರದ ಮಕ್ಕಳ ಕಲಾ ಹರಾಜು – ಒಂದು ಪ್ರಕರಣ ಅಧ್ಯಯನ

ಹರಾಜು ನಮ್ಮ ಊರುಗಳಿಗೆ ಹೊಸದೇನಲ್ಲ. ದೇವಸ್ಥಾನದ ಅಂಗಳದಲ್ಲಿ ಫಲ ಸವಾಲು ನಡೆಯುತ್ತದೆ, ಗಣಪತಿ ಪೆಂಡಾಲಿನಲ್ಲಿ ಹಾರ ಹರಾಜಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ತೇರಿನ ಮುಕ್ತಿ ಬಾವುಟಕ್ಕೆ ಲಕ್ಷಗಟ್ಟಲೆ ಕೂಗುತ್ತಾರೆ. ಅಲ್ಲೆಲ್ಲ ಬೆಲೆ ಏರುವ ಕಾರಣ ಒಂದೇ: ಬಾವುಟ ಒಂದು, ಬೇಕೆನ್ನುವವರು ಹತ್ತಾರು ಜನ. ಮಕ್ಕಳು ಸಹಾಯಾರ್ಥ ಕಲಾ ಹರಾಜು ಮಾಡಹೊರಟಾಗ ಈ ಲೆಕ್ಕ ತಿರುವುಮುರುವಾಗುತ್ತದೆ. ಚಿತ್ರಗಳು ರಾಶಿ ಬೀಳುತ್ತವೆ, ಕೂಗುವವರು ಬೆರಳೆಣಿಕೆಯಷ್ಟು. ಈ ಪ್ರಕರಣದಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಅದನ್ನೇ.

ಊರು ಶಿವಮೊಗ್ಗ ಜಿಲ್ಲೆಯ ಸಾಗರ. ಊರು ನಿಜ. ತಂಡ ಮತ್ತು ಅಂಕಿಗಳು ಮಾತ್ರ ಕೆಲಸದ ಒಳಹೊರಗು ತೋರಿಸಲು ಕಟ್ಟಿಕೊಂಡ ಮಾದರಿ. ಯಾವುದೇ ಒಂದು ಶಾಲೆಯ ಕಥೆಯಲ್ಲ.

ತಂಡದಲ್ಲಿ 14 ಮಂದಿ, ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುವರೆಗಿನವರು. ಊರಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಪುಟ್ಟ ಗ್ರಂಥಾಲಯ ಮಾಡಿಕೊಡುವುದು ಉದ್ದೇಶ. ಗುರಿ 60,000 ರೂಪಾಯಿ. ಅದರಲ್ಲಿ ನಾಲ್ಕು ಕಬ್ಬಿಣದ ರ್‍ಯಾಕ್‌ಗೆ ತಲಾ 5,500ರಂತೆ 22,000, ಪುಸ್ತಕಕ್ಕೆ 30,000, ಎರಡು ಗಿಡ್ಡ ಮೇಜು ಮತ್ತು ಜಮಖಾನಕ್ಕೆ 8,000. ಈ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡದ್ದು ಒಳ್ಳೆಯದಾಯಿತು. ‘ಶಾಲೆಗೆ ಸಹಾಯ’ ಎಂದರೆ ಜನ ತಲೆಯಾಡಿಸಿ ಸುಮ್ಮನಾಗುತ್ತಾರೆ. ‘ಒಂದು ರ್‍ಯಾಕ್‌ಗೆ 5,500’ ಎಂದರೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ದಿನ ಗೊತ್ತುಮಾಡಿದ್ದು

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ಕೆಲಸ ಹೊರತೆಗೆಯುವುದೇ ತಪ್ಪು. ಹಾಳೆ ಅಲೆಯಲೆಯಾಗಿ ಏಳುತ್ತದೆ, ಮೌಂಟಿನ (ಚಿತ್ರದ ಸುತ್ತ ಕೊಡುವ ರಟ್ಟಿನ ಅಂಚು) ಹಿಂದೆ ಬೂಸಲು ಹಿಡಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ತೋಟದ ಮನೆಗಳಲ್ಲಿ ಅಡಿಕೆ ಕೊಯ್ಲು, ಸುಲಿತ. ಸಂಜೆ ಯಾರೂ ಬಿಡುವಾಗಿರುವುದಿಲ್ಲ. ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ, ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಮಾರ್ಚ್ ಬಂದರೆ ಪಿಯು, ಎಸ್ಸೆಸ್ಸೆಲ್ಸಿ. ಉಳಿದದ್ದು ದೀಪಾವಳಿಯ ಆಸುಪಾಸು. ಬೆಂಗಳೂರಿನಲ್ಲಿ ಕೆಲಸ ಮಾಡುವವರು ಊರಿಗೆ ಬಂದಿರುತ್ತಾರೆ, ಕೈಯಲ್ಲಿ ಬೋನಸ್ಸೂ ಇರುತ್ತದೆ. ಹಬ್ಬದ ವಾರದ ಭಾನುವಾರ ಸಂಜೆ 4ರಿಂದ 7 ಎಂದು ಗೊತ್ತಾಯಿತು. ಅದಕ್ಕೆ ಎಂಟು ವಾರ ಮೊದಲು ತಯಾರಿ ಶುರು.

ಮಾರುವವರು ಯಾರು?

ಮೊದಲ ವಾರದ ಕೆಲಸ ಚಿತ್ರ ಸಂಗ್ರಹವಲ್ಲ, ಕಾಗದಪತ್ರ. 18 ತುಂಬದವರು ಮಾಡಿಕೊಂಡ ಕರಾರು ನಮ್ಮ ಕಾನೂನಿನಲ್ಲಿ ಊರ್ಜಿತವಲ್ಲ. 1872ರ ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅವರಿಗೆ ಆ ಅರ್ಹತೆಯೇ ಇಲ್ಲ. ಹಾಗಾಗಿ ಹಾಲ್ ಬುಕಿಂಗ್, ಬ್ಯಾಂಕ್ ಖಾತೆ, ರಸೀದಿ, ಮಾರಾಟ ಎಲ್ಲವೂ ಬಡಾವಣೆಯ ನೋಂದಾಯಿತ ಕ್ಷೇಮಾಭಿವೃದ್ಧಿ ಸಂಘದ ಹೆಸರಿನಲ್ಲಿ ನಡೆದವು. ಆದರೆ ಏಜೆಂಟಾಗಿ ಕೆಲಸ ಮಾಡಲು ವಯಸ್ಸಿನ ಅಡ್ಡಿಯಿಲ್ಲ. ಅದೇ ಕಾಯ್ದೆಯ 184ನೇ ಸೆಕ್ಷನ್ ಅದನ್ನು ಹೇಳುತ್ತದೆ. ಸಂಘದ ಪರವಾಗಿ ಹರಾಜು ಕೂಗುವ, ಚೀಟಿ ಬರೆಯುವ, ಚಿತ್ರ ಕಟ್ಟಿಕೊಡುವ ಕೆಲಸವನ್ನೆಲ್ಲ ಮಕ್ಕಳೇ ಮಾಡಬಹುದು. ಸಂಘ ಒಂದು ಪುಟದ ನಿರ್ಣಯ ಬರೆದುಕೊಟ್ಟಿತು: ಯಾವ ದಿನ, ಯಾವ ಉದ್ದೇಶ, ಹಣ ಯಾರಿಗೆ, ಲೆಕ್ಕಕ್ಕೆ ಸಹಿ ಯಾರದು. ಶಾಲೆಯ ಕಡೆಯಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಒಪ್ಪಿಗೆ ಪತ್ರ ಬಂತು. ಈ ಎರಡು ಹಾಳೆ ಕೈಯಲ್ಲಿದ್ದುದರಿಂದ ಅಂಗಡಿಗಳಲ್ಲಿ ಪ್ರಾಯೋಜಕತ್ವ ಕೇಳುವುದು ಸಲೀಸಾಯಿತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಚಿತ್ರ ಕೊಂಡವರು ಕೊಟ್ಟದ್ದು ಖರೀದಿಯ ಹಣ, ದೇಣಿಗೆಯಲ್ಲ. ‘ತೆರಿಗೆ ವಿನಾಯಿತಿ ಸಿಗುತ್ತದೆ’ ಎಂದು ಕರಪತ್ರದಲ್ಲಿ ಬರೆಯುವ ಚಪಲ ಬಹಳ ತಂಡಗಳಿಗೆ ಇರುತ್ತದೆ. ಆದಾಯ ತೆರಿಗೆ ಇಲಾಖೆಯಿಂದ ಅದಕ್ಕೆ ಮಾನ್ಯತೆ ಇಲ್ಲದ ಸಂಘ ಹಾಗೆ ಬರೆದರೆ ಅದು ಸುಳ್ಳು. ಇಲ್ಲಿ ಆ ಸಾಲನ್ನು ಮುದ್ರಣಕ್ಕೆ ಹೋಗುವ ಮೊದಲೇ ಹೊಡೆದುಹಾಕಿದರು.

ಚಿತ್ರ ಬಂದದ್ದು

ಮೂರನೇ ವಾರದಿಂದ ಐದನೇ ವಾರದವರೆಗೆ 61 ಕೃತಿ ಬಂದವು. ಬಹುಪಾಲು ಶಾಲಾ ಮಕ್ಕಳ ಜಲವರ್ಣ, ಪೋಸ್ಟರ್ ಕಲರ್, ಪೆನ್ಸಿಲ್ ಕೆಲಸ. ಕೆಲವು ಊರಿನ ಡ್ರಾಯಿಂಗ್ ಮಾಸ್ತರರದು. ಮೂರು ಕೃತಿ ಮಾತ್ರ ಕಸುಬುದಾರರದು: ಎರಡು ದೀವರ ಚಿತ್ತಾರ (ಮಲೆನಾಡಿನ ದೀವರ ಹೆಂಗಸರು ಬರೆಯುವ ಸಾಂಪ್ರದಾಯಿಕ ಚಿತ್ರ), ಒಂದು ಗುಡಿಗಾರರ (ಕೆತ್ತನೆಯೇ ಕುಲಕಸುಬಾದವರು) ಕೆತ್ತನೆಯ ಶಿವನಿ ಮರದ ಗಣಪ.

ಕಸುಬುದಾರರನ್ನು ‘ಸಮಾಜಸೇವೆ, ಸುಮ್ಮನೆ ಕೊಡಿ’ ಎಂದು ಕೇಳುವುದು ಸರಿಯಲ್ಲ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಬೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುವ ಹೆಂಗಸಿಗೆ ಚಿತ್ತಾರ ಹಬ್ಬವೂ ಹೌದು, ಈಚಿನ ವರ್ಷಗಳಲ್ಲಿ ಸಂಪಾದನೆಯೂ ಹೌದು. ಹಬ್ಬದ ಬುಟ್ಟಿಯನ್ನು ಹರಾಜಿಗಿಡುವ ಮಾತೇ ಎತ್ತಲಿಲ್ಲ. ಬೋರ್ಡಿನ ಮೇಲೆ ಹೊಸದಾಗಿ ಬರೆಸಿ, ಬಂದ ಬೆಲೆಯಲ್ಲಿ ಅರ್ಧ ಅವರಿಗೆ ಎಂದು ಬರವಣಿಗೆಯಲ್ಲಿ ಒಪ್ಪಿಕೊಂಡರು. ಗಣಪನಿಗೂ ಅದೇ ಕರಾರು. ಗಂಧದ ಕೆತ್ತನೆಯೊಂದನ್ನು ಕೊಡಲು ಮುಂದಾದವರಿದ್ದರು. ಖರೀದಿಯ ಬಿಲ್ ಇರಲಿಲ್ಲ, ತೆಗೆದುಕೊಳ್ಳಲಿಲ್ಲ. ಗಂಧದ ವಿಷಯದಲ್ಲಿ ಅರಣ್ಯ ಕಾನೂನು ಬಿಗಿಯಾಗಿದೆ. ಬಿಲ್ಲಿಲ್ಲದ ಗಂಧದ ವಸ್ತುವನ್ನು ಮಕ್ಕಳ ಮೇಜಿನ ಮೇಲೆ ಇಟ್ಟುಕೊಳ್ಳಬಾರದು.

ಪ್ರತಿ ಕೃತಿಗೂ ಕಾರ್ಬನ್ ಪ್ರತಿಯಿರುವ ರಸೀದಿ. ಅದರಲ್ಲಿ ಕ್ರಮಸಂಖ್ಯೆ, ಶೀರ್ಷಿಕೆ, ಮಾಧ್ಯಮ, ಅಳತೆ, ಚೌಕಟ್ಟು ಉಂಟೋ ಇಲ್ಲವೋ, ಕನಿಷ್ಠ ಬೆಲೆ, ಮಾರಾಟವಾಗದಿದ್ದರೆ ಹಿಂದೆ ಒಯ್ಯುವ ದಿನ. ಅದೇ ಸಂಖ್ಯೆಯನ್ನು ಕೃತಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದರು. ಬಾಲ್‌ಪೆನ್ನಾದರೆ ಒತ್ತು ಮುಂಬದಿಗೆ ಮೂಡುತ್ತದೆ, ಸ್ಕೆಚ್‌ಪೆನ್ನಾದರೆ ಮಸಿ ಇಳಿಯುತ್ತದೆ. ಪ್ರದರ್ಶನದ ಚೀಟಿಯಲ್ಲಿ ಮಕ್ಕಳ ಹೆಸರು ಮತ್ತು ತರಗತಿ ಮಾತ್ರ. ಶಾಲೆ, ಫೋನ್ ನಂಬರ್ ಬೇಡ.

ಸಿನಿಮಾ ನಟರ ಫೋಟೊ ನೋಡಿ ಬರೆದ ನಾಲ್ಕು ಪೆನ್ಸಿಲ್ ಚಿತ್ರ ಬಂದಿದ್ದವು. ಕೈ ಚೆನ್ನಾಗಿತ್ತು. ಆದರೆ ಆ ಫೋಟೊದ ಹಕ್ಕು ಬೇರೆಯವರದು, ನಕಲು ಮಾಡಿ ಮಾರುವಂತಿಲ್ಲ. ಅವನ್ನು ‘ಮಾರಾಟಕ್ಕಿಲ್ಲ’ ಎಂದು ಬಾಗಿಲ ಬಳಿ ತೂಗುಹಾಕಿದರು. ಜನ ಅಲ್ಲೇ ಹೆಚ್ಚು ಹೊತ್ತು ನಿಂತರು ಎನ್ನುವುದೂ ನಿಜವೇ. ಇವು 61ರ ಲೆಕ್ಕದಲ್ಲಿ ಸೇರಿಲ್ಲ.

ಕೆಡುವ ವಸ್ತು

ಸಾಗರದ ಹವೆಯಲ್ಲಿ ಯಾವ ಕೃತಿ ಹೇಗೆ ಕೆಡುತ್ತದೆ ಎಂದು ತಿಳಿದಿರಬೇಕು. ಅಕ್ರಿಲಿಕ್ ಕ್ಯಾನ್ವಾಸ್ ಕೈಗೆ ಒಣಗಿದಂತಿದ್ದರೂ ಮುಖಕ್ಕೆ ಮುಖ ಒತ್ತಿ ಜೋಡಿಸಿಟ್ಟರೆ ಎರಡು ದಿನದಲ್ಲಿ ಅಂಟಿಕೊಳ್ಳುತ್ತದೆ, ಕಿತ್ತಾಗ ಬಣ್ಣ ಚಕ್ಕೆಯೇಳುತ್ತದೆ. ನಡುವೆ ಬಟರ್ ಪೇಪರ್ ಇಟ್ಟು, ಪುಸ್ತಕದ ಹಾಗೆ ನಿಲ್ಲಿಸಬೇಕು. ಆಯಿಲ್ ಪೇಂಟ್ ಕೊನೇ ವಾರದಲ್ಲಿ ಮುಗಿಸಿದ್ದಾದರೆ ತೆಗೆದುಕೊಳ್ಳಲೇಬಾರದು, ಒಣಗಲು ವಾರಗಳೇ ಬೇಕು. ಆಯಿಲ್ ಪೇಸ್ಟಲ್ ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಅರ್ಧ ಚಿತ್ರ ಕವರಿಗೆ ಹೋಗುತ್ತದೆ. ಇದ್ದಿಲಿನ ಕೆಲಸಕ್ಕೆ ಫಿಕ್ಸೇಟಿವ್ (ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ) ಹೊಡೆಯಬೇಕು, ಅದೂ ಅಂಗಳದಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು.

ಎಲ್ಲಕ್ಕಿಂತ ನಾಜೂಕು ಚಿತ್ತಾರ. ಕೆಮ್ಮಣ್ಣಿನ ಹಿನ್ನೆಲೆ, ಅದರ ಮೇಲೆ ಪುಂಡಿ ನಾರಿನ ಕುಂಚದಿಂದ ಎಳೆದ ಅಕ್ಕಿಹಿಟ್ಟಿನ ಗೆರೆ. ಒದ್ದೆ ಬೆರಳು ತಗಲಿದರೆ ಗೆರೆ ಹರಡುತ್ತದೆ, ಅಕ್ಕಿಹಿಟ್ಟಿಗೆ ಹುಳ ಬರುತ್ತದೆ. ಅದಕ್ಕೆ ಗಾಜಿನ ಚೌಕಟ್ಟೇ ಬೇಕು, ಗಾಜು ಚಿತ್ರಕ್ಕೆ ತಾಗಲೂಬಾರದು. ಫ್ರೇಮಿನ ಅಂಗಡಿಯವರಿಗೆ ಹೇಳಿ ದಪ್ಪ ಮೌಂಟ್‌ಬೋರ್ಡಿನ ಎರಡು ಪದರ ಅಂಚು ಹಾಕಿಸಿ, ನಡುವೆ ಗಾಳಿಯಾಡುವ ಸಂದು ಬಿಡಿಸಿದರು.

ಚೌಕಟ್ಟು ಹಾಕಿಸಿದ್ದು ಆರು ಕೃತಿಗೆ ಮಾತ್ರ, ಸರಾಸರಿ 700ರಂತೆ 4,200. ಉಳಿದವಕ್ಕೆ ಎರಡು ಇಂಚು ಅಂಚಿನ ಮೌಂಟ್, ಹಿಂದೆ ರಟ್ಟು, ಮೇಲೆ ಪಾರದರ್ಶಕ ಕವರ್, ಒಟ್ಟು 2,400. 600 ರೂಪಾಯಿಗೆ ಹೋಗುವ ಚಿತ್ರಕ್ಕೆ 700ರ ಚೌಕಟ್ಟು ಹಾಕಿಸುವುದು ಇಂಥ ಹರಾಜುಗಳಲ್ಲಿ ದುಡ್ಡು ಸೋರುವ ಮೊದಲ ತೂತು.

ಎಷ್ಟನ್ನು ಹರಾಜಿಗಿಡಬೇಕು?

ಹರಾಜಿಗೆ ಎಂಟು ದಿನ ಮೊದಲು ಫೋನಿನಲ್ಲಿ ಕೇಳಿ ಹೆಸರು ಬರೆದುಕೊಂಡಾಗ ‘ಬರುತ್ತೇವೆ, ಕೂಗುತ್ತೇವೆ’ ಎಂದವರು 31 ಮಂದಿ. ಒಂದು ಕೃತಿಗೆ ಕನಿಷ್ಠ ಇಬ್ಬರು ಎದುರಾಳಿಗಳು ಇಲ್ಲದಿದ್ದರೆ ಅದು ಹರಾಜಲ್ಲ, ನಿಗದಿ ಬೆಲೆಯ ಮಾರಾಟ. ಆ ಲೆಕ್ಕಕ್ಕೆ 15 ಕೃತಿ ಸಾಕಿತ್ತು. ತಂಡ 24 ಇಟ್ಟಿತು: 18 ಕೃತಿ ‘ಹಾಳೆ ಹರಾಜಿಗೆ’ (ಚಿತ್ರದ ಕೆಳಗಿನ ಹಾಳೆಯಲ್ಲಿ ಸವಾಲು ಬರೆಯುವುದು), 6 ‘ಕೂಗು ಹರಾಜಿಗೆ’ (ಸಭೆಯಲ್ಲಿ ಬಾಯಲ್ಲಿ ಕೂಗುವುದು). ಕಾರಣ ಯಾರಿಗೂ ಅರ್ಥವಾಗುವಂಥದ್ದೇ. ‘ನನ್ನ ಮಗಳ ಚಿತ್ರ ಯಾಕೆ ಇಲ್ಲ?’ ಎಂಬ ಪ್ರಶ್ನೆಗೆ ಹದಿನಾರರ ಹುಡುಗ ಉತ್ತರ ಕೊಡುವುದು ಕಷ್ಟ. ಆಯ್ಕೆಯನ್ನು ಬೇರೆ ಊರಿನ ಡ್ರಾಯಿಂಗ್ ಮಾಸ್ತರರೊಬ್ಬರಿಗೆ ಒಪ್ಪಿಸಿದ್ದರಿಂದ ಜಗಳ ತಪ್ಪಿತು, ಸಂಖ್ಯೆ ಮಾತ್ರ ಇಳಿಯಲಿಲ್ಲ.

ಉಳಿದ 37 ಕೃತಿಗಳಿಗೆ ನಿಗದಿ ಬೆಲೆಯ ಮೇಜು: ಪುಟ್ಟವಕ್ಕೆ 150, ದೊಡ್ಡವಕ್ಕೆ 300. ಅದೇ ಚೀಟಿ, ಅದೇ ದೀಪ, ಬಾಗಿಲಿಗೆ ಹತ್ತಿರದ ಜಾಗ. ಮೂಲೆಗೆ ತಳ್ಳಿದರೆ ಮಕ್ಕಳಿಗೂ ಗೊತ್ತಾಗುತ್ತದೆ, ಕೊಳ್ಳುವವರಿಗೂ ಗೊತ್ತಾಗುತ್ತದೆ.

ಹಾಲ್

ಸಮುದಾಯ ಭವನದ ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ. ಕಂಬದಿಂದ ಕಂಬಕ್ಕೆ ಜಿಐ ತಂತಿ ಬಿಗಿದು, ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರ ಮತ್ತು ಬೈಂಡರ್ ಕ್ಲಿಪ್ಪಿನಿಂದ ಇಳಿಬಿಟ್ಟರು. ಚಿತ್ರದ ನಡುಮಧ್ಯ ನೆಲದಿಂದ 57 ಇಂಚು, ಎರಡು ಚಿತ್ರಗಳ ನಡುವೆ ಒಂದು ಗೇಣು. ಗಾಜಿನ ಚೌಕಟ್ಟುಗಳನ್ನು ತಂತಿಗೆ ತೂಗಲಿಲ್ಲ, ಮೇಜಿನ ಮೇಲೆ ಗೋಡೆಗೊರಗಿಸಿ ಕೆಳಗೆ ರಬ್ಬರ್ ಚೂರು ಕೊಟ್ಟರು. ಭಾರಕ್ಕೆ ತಂತಿ ಜೋತರೆ ಇಡೀ ಸಾಲು ನಡುವೆ ತಗ್ಗುತ್ತದೆ.

ಹಾಳೆ ಹರಾಜು

ಬಾಗಿಲಲ್ಲಿ ಹೆಸರು, ಫೋನ್ ಬರೆಸಿಕೊಂಡು ಸಂಖ್ಯೆಯ ಕಾರ್ಡ್ ಕೊಟ್ಟರು. 34 ಕಾರ್ಡ್ ಹೋದವು. ಒಂದು ಸಲವಾದರೂ ಸವಾಲು ಹಾಕಿದವರು 27. ಪ್ರತಿ ಚಿತ್ರದ ಕೆಳಗೆ ಒಂದು ಹಾಳೆ, ದಾರ ಕಟ್ಟಿದ ಪೆನ್ನು. ಹಾಳೆಯಲ್ಲಿ ಮೂರೇ ಅಂಕಣ: ಕಾರ್ಡ್ ಸಂಖ್ಯೆ, ಮೊತ್ತ, ವೇಳೆ. ಹೆಸರು ಬರೆಯುವಂತಿಲ್ಲ. ಚಿಕ್ಕ ಊರಿನಲ್ಲಿ ಬ್ಯಾಂಕ್ ಮ್ಯಾನೇಜರರ ಹೆಸರಿನ ಕೆಳಗೆ ಇನ್ನೊಬ್ಬರು ಹೆಚ್ಚು ಬರೆಯಲು ಹಿಂಜರಿಯುತ್ತಾರೆ. ಸಂಖ್ಯೆಗಾದರೆ ಆ ಸಂಕೋಚವಿಲ್ಲ.

ಆರಂಭದ ಬೆಲೆ ಅಂದಾಜಿನ ಅರ್ಧಕ್ಕಿಂತ ಕೆಳಗೆ. ಏರಿಕೆ ಸಾವಿರದವರೆಗೆ 50, ಮೂರು ಸಾವಿರದವರೆಗೆ 100, ಆಮೇಲೆ 250. ಇದನ್ನು ಹಾಳೆಯ ಮೇಲೆಯೇ ಅಚ್ಚು ಹಾಕಿಸದಿದ್ದರೆ ಯಾರಾದರೂ 601 ಎಂದು ಬರೆದು ಹೋಗುತ್ತಾರೆ.

18 ಹಾಳೆಗಳನ್ನು ಒಟ್ಟಿಗೆ ಮುಚ್ಚಲಿಲ್ಲ. ಆರಾರರ ಮೂರು ಗುಂಪು. 5:20, 5:30, 5:40ಕ್ಕೆ ಗಂಟೆ. ಮೊದಲ ಗುಂಪಿನಲ್ಲಿ ಸೋತವರ ದುಡ್ಡು ಎರಡನೆಯದಕ್ಕೆ ಹರಿಯಲಿ ಎಂಬುದು ಉಪಾಯ, ಅದು ಫಲಿಸಿತು. ಗಂಟೆ ಬಾರಿಸಿದ ಕೂಡಲೇ ಸ್ವಯಂಸೇವಕರು ಕೊನೇ ಸವಾಲಿನ ಕೆಳಗೆ ಕೆಂಪು ಗೆರೆ ಎಳೆದು ಪೆನ್ನು ಬಿಚ್ಚಿಕೊಂಡರು. ಒಂದೇ ಹಾಳೆಯ ಮೇಲೆ ಎರಡು ಕೈ ಇದ್ದರೆ ಆ ಇಬ್ಬರ ನಡುವೆ ಅಲ್ಲೇ ಬಾಯಿ ಸವಾಲು ಎಂದು ನಿಯಮವಿತ್ತು, ಎರಡು ಕಡೆ ಬೇಕಾಯಿತು.

ಫಲ: 16 ಮಾರಾಟ, 2 ಉಳಿದವು, ಒಟ್ಟು 20,000. ಆ 16ರಲ್ಲಿ 6 ಕೃತಿಗೆ ಬಿದ್ದದ್ದು ಒಂದೇ ಸವಾಲು. ಆರಂಭದ 600ಕ್ಕೇ ಹೋಗಿ 3,600 ಬಂತು. ಇಬ್ಬರು ಅಥವಾ ಹೆಚ್ಚು ಮಂದಿ ಬರೆದ ಹತ್ತು ಹಾಳೆಗಳಿಂದ 16,400. ಅಂದರೆ ಹಾಳೆಗೆ 600 ಎಲ್ಲಿ, 1,640 ಎಲ್ಲಿ! ಒಂಟಿ ಸವಾಲು ಹಾಕಿದವರು ಎದುರಾಳಿಯಿಲ್ಲದ ಚಿತ್ರ ನೋಡಿ ಅಲ್ಲಿ ಬರೆದು ತೃಪ್ತರಾದರು. ಆ ಆರು ಹಾಳೆ ಇಲ್ಲದಿದ್ದರೆ ಅವರು ಉಳಿದ ಹಾಳೆಗಳ ಮುಂದೆ ನಿಂತು ಬೆಲೆ ಏರಿಸುತ್ತಿದ್ದರು. ಹೆಚ್ಚು ಚಿತ್ರ ಇಟ್ಟು ತಂಡ ತನ್ನ ಕೊಳ್ಳುವವರನ್ನೇ ಚದುರಿಸಿತು.

ಕೂಗು ಹರಾಜು

ಆರು ಕೃತಿ, ಒಂದೊಂದಕ್ಕೆ ನಾಲ್ಕು ನಿಮಿಷ. ಕೂಗಿದ್ದು ಪಿಯು ಹುಡುಗಿ, ಶಾಲಾ ನಾಟಕದ ಗಂಟಲು. ‘ಒಂದು ಸಲ… ಎರಡು ಸಲ…’ ಎಂದು ಎಳೆದು, ಸಭೆಯ ಕಡೆ ಒಮ್ಮೆ ನೋಡಿ, ‘ಮೂರು ಸಲ’ ಎಂದು ಮೇಜು ಕುಟ್ಟುವುದು. ಸಭೆಯಲ್ಲಿ ಎತ್ತಿದ ಕಾರ್ಡ್ ಹುಡುಕಲು ಇಬ್ಬರು. ಬೆಲೆ ಬರೆದುಕೊಳ್ಳಲೂ ಇಬ್ಬರು, ಬೇರೆ ಬೇರೆ ಕಡೆ ಕುಳಿತು. ಪ್ರತಿ ಕೃತಿಯ ನಂತರ ತಾಳೆ ನೋಡುವುದು. ಒಬ್ಬರೇ ಬರೆದರೆ 17 ಮತ್ತು 71 ಅದಲುಬದಲಾಗುವುದು ಖಂಡಿತ.

ಅತ್ಯುತ್ತಮ ಕೃತಿಯನ್ನು ನಾಲ್ಕನೆಯದಾಗಿ ಇಟ್ಟಿದ್ದರು. ಮೊದಲಿಗೆ ಇಟ್ಟರೆ ಜನರ ಬಾಯಿ ಬಿಚ್ಚಿರುವುದಿಲ್ಲ, ಕೊನೆಗೆ ಇಟ್ಟರೆ ಅರ್ಧ ಜನ ಬಸ್ಸಿಗೆ ಎದ್ದಿರುತ್ತಾರೆ. ಬೆಲೆಗಳು ಕ್ರಮವಾಗಿ 3,000, 3,500, 6,500, 9,000, 5,000, 4,000, ಒಟ್ಟು 31,000. 9,000ಕ್ಕೆ ಹೋದದ್ದು ದೊಡ್ಡ ಚಿತ್ತಾರ.

ಎರಡು ಕಡೆ ಬಂಡಿ ಹಳಿ ತಪ್ಪಿತು. ಎರಡನೆಯ ಕೃತಿಗೆ ಸಂಘದ ಪದಾಧಿಕಾರಿಯೊಬ್ಬರು ಬೆಲೆ ಏರಲಿ ಎಂದು ತಾವೇ ಕೂಗತೊಡಗಿದರು, ಉದ್ದೇಶ ಒಳ್ಳೆಯದೇ. ಆದರೆ 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಇದನ್ನು ಒಪ್ಪುವುದಿಲ್ಲ. ಮಾರುವವರ ಕಡೆಯವರು ಕೂಗುವ ಹಕ್ಕನ್ನು ಮೊದಲೇ ಸಾರಿರಬೇಕು. ತೋರಿಕೆಯ ಸವಾಲಿನಿಂದ ಬೆಲೆ ಏರಿಸಿದರೆ ಕೊಂಡವರು ವ್ಯಾಪಾರವನ್ನೇ ರದ್ದು ಮಾಡಬಹುದು. ಹುಡುಗಿ ಮೈಕಿನಲ್ಲೇ ತಡೆದು, ಆ ಕೃತಿಯನ್ನು ಮೊದಲಿನಿಂದ ಕೂಗಿದಳು. ಕನಿಷ್ಠ ಬೆಲೆ ಬೇಕೆಂದರೆ ಅದನ್ನು ಮೊದಲೇ ಹೇಳಿಬಿಡುವುದು ನೇರ ದಾರಿ.

ಇನ್ನೊಂದು ಆರನೆಯ ಕೃತಿಯಲ್ಲಿ. 4,000 ಇದ್ದಾಗ ಹಿಂದಿನ ಸಾಲಿನಿಂದ ಕಾರ್ಡ್ ಎದ್ದು ‘ಐದು ಸಾವಿರ!’ ಮೇಜು ಕುಟ್ಟಿಯಾಯಿತು. ಚೀಟಿಗೆ ಸಹಿ ಹಾಕಿಸಲು ಹೋದ ಹುಡುಗಿ ಮುಖ ನೋಡಿ, “ತಮ್ಮಾ, ಈ ಕಾರ್ಡು ಯಾರದು?” ಎಂದಳು. “ಅಪ್ಪಯ್ಯಂದು. ಚಾ ಕುಡಿಯಕ್ಕೆ ಹೋಗಿದಾರೆ.” ಹತ್ತನೇ ತರಗತಿಯ ಹುಡುಗ. ತಂದೆ ಬಂದು ಬೇಡವೆಂದರು. ಅಪ್ರಾಪ್ತನ ಸವಾಲಿಗೆ ಬೆಲೆಯಿಲ್ಲ, ಒತ್ತಾಯಿಸುವ ಹಾಗಿಲ್ಲ. 4,000 ಕೂಗಿದವರನ್ನೂ ಕಟ್ಟಿಹಾಕುವಂತಿಲ್ಲ, ಕೇಳಬಹುದು ಅಷ್ಟೇ. ಕೇಳಿದರು, ಅವರು ಒಪ್ಪಿದರು. ಕಾರ್ಡಿನ ಮೇಲೆ ‘18 ತುಂಬಿದವರಿಗೆ ಮಾತ್ರ, ಬೇರೆಯವರ ಕೈಗೆ ಕೊಡಬೇಡಿ’ ಎಂಬ ಸಾಲು ಇದ್ದಿದ್ದರೆ ಈ ಪಜೀತಿ ಆಗುತ್ತಿರಲಿಲ್ಲ.

ಕೂಗು ಮುಗಿದ ಮೇಲೆ ಐದು ನಿಮಿಷ ರ್‍ಯಾಕಿನ ಚಿತ್ರ ತೋರಿಸಿ ‘ಸಾವಿರ ಕೊಡುವವರು ಕಾರ್ಡ್ ಎತ್ತಿ’ ಎಂದರು. ಹತ್ತು ಕಾರ್ಡ್ ಎದ್ದವು, 10,000. ಚಿತ್ರ ಸಿಗದೆ ಕುಳಿತವರ ಕೈಯೇ ಅದರಲ್ಲಿ ಹೆಚ್ಚು. ಇದು ಖರೀದಿಯಲ್ಲ, ದೇಣಿಗೆ. ರಸೀದಿ ಪುಸ್ತಕ ಬೇರೆಯೇ ಇರಬೇಕು.

ಹಣ ತೆಗೆದುಕೊಳ್ಳುವ ಮೇಜು

ಕ್ಯೂಆರ್ ಸಂಘದ ಖಾತೆಯದು. ಕೊಂಡವರು ತೋರಿಸುವ ಸ್ಕ್ರೀನ್‌ಶಾಟ್ ನಂಬದೆ ಖಜಾಂಚಿಯ ಫೋನಿಗೆ ಸಂದೇಶ ಬಂದ ಮೇಲೆಯೇ ‘ಹಣ ಸಂದಿದೆ’ ಮುದ್ರೆ. ಮುದ್ರೆ ಕಂಡ ಮೇಲೆಯೇ ಚಿತ್ರ ಕೈಗೆ. ತೊಂಬತ್ತು ಜನ ಒಟ್ಟಿಗೆ ಸೇರಿದಾಗ ಹಾಲಿನೊಳಗೆ ನೆಟ್‌ವರ್ಕ್ ನಿಂತಿತು. ಮೇಜನ್ನು ಜಗಲಿಗೆ ಎತ್ತಿಟ್ಟ ಮೇಲೆ ಸರಾಗವಾಯಿತು. ಖಾಲಿ ಹಾಲಿನಲ್ಲಿ ನೆಟ್‌ವರ್ಕ್ ಪರೀಕ್ಷೆ ಮಾಡಿ ಸಮಾಧಾನಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಹೊಸ ಫೋನಿನಲ್ಲಿ ಆಗಷ್ಟೇ ಯುಪಿಐ ಹಾಕಿಕೊಂಡವರಿಗೆ ಮೊದಲ 24 ಗಂಟೆ 5,000ದ ಮಿತಿ ಇರುತ್ತದೆ. ಹಬ್ಬಕ್ಕೆ ಹೊಸ ಫೋನ್ ಕೊಂಡವರೊಬ್ಬರು 6,500ಕ್ಕೆ ಚೆಕ್ ಬರೆದರು. ನಗದನ್ನು ಇಬ್ಬರು ಮಕ್ಕಳು ಮತ್ತು ಒಬ್ಬ ಹಿರಿಯರು ಒಟ್ಟಿಗೆ ಎಣಿಸಿ, ಎಷ್ಟರ ನೋಟು ಎಷ್ಟು ಎಂದು ಬರೆದು ಮೂವರೂ ಸಹಿ ಹಾಕಿದರು.

ಹಾಳೆ ಹರಾಜಿನಲ್ಲಿ 2,100ಕ್ಕೆ ಗೆದ್ದವರೊಬ್ಬರು ಗೆದ್ದದ್ದೇ ತಿಳಿಯದೆ ಮನೆಗೆ ಹೋಗಿದ್ದರು. ಮರುದಿನ ಫೋನ್ ಮಾಡಿದಾಗ ಬಂದು ಕಟ್ಟಿದರು. ಏಳು ದಿನದಲ್ಲಿ ಹಣ ಬಾರದಿದ್ದರೆ ಎರಡನೆಯವರನ್ನು ಕೇಳುವುದು ಎಂದು ಮೊದಲೇ ಪ್ರಕಟಿಸಿದ್ದರು, ಅದರ ಅಗತ್ಯ ಬೀಳಲಿಲ್ಲ.

ಲೆಕ್ಕ

ಹಾಳೆ ಹರಾಜು 20,000, ಕೂಗು 31,000, ನಿಗದಿ ಮೇಜಿನಲ್ಲಿ 29 ಕೃತಿಗೆ 5,700, ದೇಣಿಗೆ 10,000, ಅಂಗಡಿಗಳ ಪ್ರಾಯೋಜಕತ್ವ 6,000, ಒಟ್ಟು 72,700.

ಖರ್ಚು: ಹಾಲ್ 4,000, ಚೌಕಟ್ಟು 4,200, ಮೌಂಟ್ ಮತ್ತು ಕವರ್ 2,400, ಮೈಕು ದೀಪ 2,500, ಮುದ್ರಣ 1,800, ಚಾ-ಮಂಡಕ್ಕಿ 1,900, ತಂತಿ ಕ್ಲಿಪ್ಪು 700, ಸಾಗಣೆ 500, ಒಟ್ಟು 18,000. ಮೂರು ಕಸುಬುದಾರ ಕೃತಿಗಳು ಕೂಗಿನಲ್ಲಿ 3,000, 9,000, 5,000 ತಂದಿದ್ದವು. ಅರ್ಧದಂತೆ 8,500 ಅವರಿಗೆ. ಉಳಿದದ್ದು 46,200. ಗುರಿಗೆ 13,800 ಕಡಿಮೆ.

ಕಸುಬುದಾರರ ಪಾಲನ್ನು ಈ ಕೊರತೆಗೆ ಕಾರಣವೆಂದು ತೋರಿಸುವುದು ಸುಲಭ. ಆದರೆ ಅರ್ಧ ಕೊಟ್ಟ ಮೇಲೂ ಆ ಮೂರೇ ಕೃತಿ 8,500 ಉಳಿಸಿಕೊಟ್ಟವು. ಒಂಟಿ ಸವಾಲಿನ ಆರು ಕೃತಿ ಸೇರಿ ತಂದದ್ದು 3,600. ಕೊರತೆ ಇದ್ದದ್ದು 18ರ ಹಾಳೆ ಸಾಲಿನಲ್ಲಿ. ಅದನ್ನು 10ಕ್ಕೆ ಇಳಿಸಿ, ಉಳಿದ ಎಂಟನ್ನು 300ರ ಮೇಜಿಗೆ ಕಳಿಸಿದ್ದರೆ ನಷ್ಟವೆಂದರೆ ಹೆಚ್ಚೆಂದರೆ ಎರಡು ಸಾವಿರದ ಆಸುಪಾಸು. ಎದುರಿಗೆ ಹತ್ತು ಹಾಳೆಗಳ ಮೇಲೆ ಆರು ಹೊಸ ಎದುರಾಳಿಗಳು ಬರುತ್ತಿದ್ದರು.

ಹಣವನ್ನು ನಗದಾಗಿ ಶಾಲೆಗೆ ಒಪ್ಪಿಸಲಿಲ್ಲ. ಸಂಘವೇ ಅಂಗಡಿಗಳಿಗೆ ಚೆಕ್ ಕೊಟ್ಟು, ಬಿಲ್ಲನ್ನು ಶಾಲೆಯ ಹೆಸರಿನಲ್ಲಿ ಬರೆಸಿ, ಶಾಲೆಯ ದಾಸ್ತಾನು ಪುಸ್ತಕದಲ್ಲಿ ನಮೂದಾದ ಮೇಲೆ ಅದರ ಪ್ರತಿ ಪಡೆಯಿತು. ರ್‍ಯಾಕ್‌ಗೆ 22,000, ಪುಸ್ತಕಕ್ಕೆ 24,200. ಮೇಜು, ಜಮಖಾನ ಮುಂದಕ್ಕೆ ಹೋದವು. ಕೊಂಡವರಿಗೆಲ್ಲ ಬಿಲ್ಲಿನ ಚಿತ್ರದೊಂದಿಗೆ ಒಂದು ಪುಟದ ಲೆಕ್ಕ ವಾಟ್ಸಾಪಿನಲ್ಲಿ ಹೋಯಿತು. ಕೆಳಗೆ ಒಂದು ಸಾಲು: ಚಿತ್ರ ನಿಮ್ಮದು, ಅದನ್ನು ಮುದ್ರಿಸುವ ಹಕ್ಕು ಬರೆದವರದೇ. ಮಾರಾಟವಾಗದ ಹತ್ತು ಕೃತಿಗಳನ್ನು ರಸೀದಿ ತಾಳೆ ನೋಡಿ, ಸಹಿ ಪಡೆದು, ಹೇಳಿದ ದಿನವೇ ಹಿಂದಿರುಗಿಸಿದರು.